ಮಗಳಿಗೊಂದು ಪತ್ರ: ಚೀಟಿಯ ಆಚೆಗಿನ ವಾಕ್ಯ

ಧಾರವಾಡ
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಒಲೆಯ ಮೇಲೆ ಹಾಲಿದೆ ಅಂತ ಇಟ್ಟುಬಿಟ್ಟೆ. ಹಾಲು ಇದ್ದದ್ದು ನಿಜ, ಆದರೆ ಏನು ಹೇಳಬೇಕೆಂದು ಹೊಳೆಯದೆ ಹೋದದ್ದೂ ನಿಜ.

"ಪ್ರಾರ್ಥನೆ ಕೂಟದಲ್ಲಿ ಎಲ್ಲರೂ ಬೈಬಲಿನಿಂದ ತಮ್ಮ ತಮ್ಮ ವಾಕ್ಯ ಹೇಳಿದರು. ನನ್ನ ಸರದಿ ಬಂದಾಗ ಸುಮ್ನೆ ಕೂತೆ. ನನಗೆ ಅಂತ ಒಂದು ವಾಕ್ಯವೇ ಇಲ್ಲ ಅವ್ವಾ" ಅಂದೆ. ಸ್ವಲ್ಪ ತಡೆದು, "ಹೊಸ ವರ್ಷಕ್ಕೆ ಸಿಕ್ಕ ವಾಗ್ದಾನವೂ ಸುಳ್ಳಾಯ್ತು" ಅಂದೆ. ಮೊದಲನೆಯದು ದೊಡ್ಡ ವಿಷಯವೇನಲ್ಲ. ಎರಡನೇ ಮಾತು ಮಾತ್ರ ರಾತ್ರಿಯೆಲ್ಲ ಕಿವಿಯಲ್ಲೇ ಇತ್ತು.

ಆ ವಾಗ್ದಾನದ ಚೀಟಿ ನನಗೂ ನೆನಪಿದೆ. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಸ್ಟೀಲ್ ತಟ್ಟೆಯಲ್ಲಿ ಮಡಚಿಟ್ಟಿದ್ದ ಚೀಟಿಗಳು ಸಾಲಾಗಿ ಬಂದವು. ನೀನು ಒಂದು ಎತ್ತಿ, ಅದನ್ನು ಮತ್ತೆ ತಟ್ಟೆಗೆ ಹಾಕಿ, ಇನ್ನೊಂದು ಎತ್ತಿದೆ. ನಾನು ನೋಡಿದ್ದೆ, ಹೇಳಲಿಲ್ಲ ಅಷ್ಟೆ. ಬಂದದ್ದು ಯೆರೆಮೀಯ 29:11. ನಿಮಗೆ ಗತಿಯಾಗಲಿ, ನಿರೀಕ್ಷೆಯಿರಲಿ ಎಂದು ದೇವರು ಮಾಡುವ ಆಲೋಚನೆ ಹಿತದ್ದೇ ಎನ್ನುವ ಮಾತು. ಮೊಬೈಲ್ ಕವರಿನ ಹಿಂದೆ ಇಟ್ಟುಕೊಂಡೆ. ಏಪ್ರಿಲ್‌ನಲ್ಲಿ, ಮೂರು ಸುತ್ತು ಇಂಟರ್‌ವ್ಯೂ ಆದ ಮೇಲೆ, ಆ ಕೆಲಸ ಬೇರೆಯವರಿಗೆ ಹೋಯಿತು.

ಈಗ ಒಂದು ಕೆಲಸ ಮಾಡು. ಆ ವಾಕ್ಯದ ಮೇಲೆ ಕೆಳಗೆ ಏನಿದೆ ನೋಡು. ಯೆರೆಮೀಯ 29 ಇರುವುದೇ ಪತ್ರದ ರೂಪದಲ್ಲಿ, ನಾನೀಗ ನಿನಗೆ ಬರೆಯುತ್ತಿರುವ ಹಾಗೆ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ಅರಸನನ್ನೂ ಅಧಿಕಾರಿಗಳನ್ನೂ ಬಡಗಿ ಕಮ್ಮಾರರನ್ನೂ ಸೆರೆಹಿಡಿದು ಒಯ್ದಿದ್ದ. ಪರವೂರಲ್ಲಿ ಕೂತ ಆ ಜನಕ್ಕೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಅದಕ್ಕೂ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಬರುತ್ತಾನೆ. ಇನ್ನು ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ ಅಂತ ದೇವಾಲಯದಲ್ಲಿ ನಿಂತು ಸಾರುತ್ತಾನೆ. ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ತೆಗೆದು ಎಲ್ಲರ ಮುಂದೆ ಮುರಿಯುತ್ತಾನೆ. ನಾನು ಅಲ್ಲಿದ್ದಿದ್ದರೆ ಹನನ್ಯನ ಮಾತನ್ನೇ ನಂಬುತ್ತಿದ್ದೆ, ಸುಳ್ಳೇಕೆ ಹೇಳಲಿ.

ಯೆರೆಮೀಯ ಬರೆದದ್ದು ಬೇರೆ. ಮನೆ ಕಟ್ಟಿಕೊಂಡು ವಾಸಮಾಡಿ. ತೋಟ ಮಾಡಿ ಅದರ ಫಲ ತಿನ್ನಿ. ಮದುವೆ ಮಾಡಿಕೊಳ್ಳಿ, ಮಕ್ಕಳಿಗೂ ಮಾಡಿ. ನೀವಿರುವ ಆ ಪಟ್ಟಣ ಚೆನ್ನಾಗಿರಲಿ ಅಂತ ದೇವರನ್ನು ಕೇಳಿಕೊಳ್ಳಿ. ಆಮೇಲೆ, ಹತ್ತನೇ ವಚನದಲ್ಲಿ, 70 ವರ್ಷ ಅನ್ನುತ್ತಾನೆ. ನಿನ್ನ ಚೀಟಿಯ ವಾಕ್ಯ ಬರುವುದು ಅದರ ನಂತರ. ಅಂದರೆ ಆ ಪತ್ರ ಕೇಳಿದ ಎಷ್ಟೋ ಹಿರಿಯರು ವಾಪಸ್ ಊರು ನೋಡುವವರೇ ಅಲ್ಲ. ಅವರಿಗೂ ಸೇರಿಸಿಯೇ ಹೇಳಿದ ಹಿತ ಅದು. ಏಪ್ರಿಲ್ ಒಳಗೆ ಅಂತ ಎಲ್ಲೂ ಇಲ್ಲ. ಚೀಟಿ ಚಿಕ್ಕದು ಮಗಳೇ, ಇದೆಲ್ಲ ಅದರಲ್ಲಿ ಹಿಡಿಸುವುದಿಲ್ಲ.

ಪುಣೆಯ ಆ ರೂಮಿನ ಕಿಟಕಿಯಲ್ಲಿ ಹಳೇ ಪೇಂಟ್ ಡಬ್ಬಿಗೆ ಕರಿಬೇವು ನೆಟ್ಟಿದ್ದೀಯಲ್ಲ, ಫೋಟೋ ಕಳಿಸಿದ್ದೆ. ಅದನ್ನು ನೋಡಿದಾಗ ನನಗೆ ನೆನಪಾದದ್ದು ಐದನೇ ವಚನ. ನಿನಗೆ ಹನ್ನೊಂದಕ್ಕಿಂತ ಅದೇ ಹೊಂದುತ್ತದೋ ಏನೋ.

ನನ್ನ ಕಥೆಯೂ ಹೇಳಿಬಿಡುತ್ತೇನೆ. ಚರ್ಚಿನಲ್ಲಿ ನನ್ನ ದೃಢೀಕರಣದ ದಿನ ಸಭೆಯ ಅಯ್ಯನವರು ಒಬ್ಬೊಬ್ಬರಿಗೂ ಒಂದೊಂದು ವಾಕ್ಯ ಬರೆದ ಕಾರ್ಡು ಕೊಟ್ಟರು. ನನಗೆ ಬಂದದ್ದು ಪ್ರಕಟನೆ 2:10. ಸಾಯಬೇಕಾಗಿ ಬಂದರೂ ನಂಬಿಗಸ್ತಿಕೆ ಬಿಡಬೇಡ, ಜೀವವೆಂಬ ಜಯಮಾಲೆ ಕೊಡುತ್ತೇನೆ ಅನ್ನುವ ಮಾತು. ಹದಿನಾಲ್ಕು ವರ್ಷದ ಹುಡುಗಿಗೆ ಇದು! ಪಕ್ಕದವಳಿಗೆ 23ನೇ ಕೀರ್ತನೆ, ಹಸಿರು ಹುಲ್ಲು, ತಣ್ಣನೆ ನೀರು. ಕಾರ್ಡು ಬದಲಾಯಿಸಿಕೊಳ್ಳೋಣ ಅಂತ ಗೋಗರೆದೆ, ಅವಳು ಒಪ್ಪಲಿಲ್ಲ. ಬಹಳ ವರ್ಷ ಆ ಕಾರ್ಡು ಟ್ರಂಕಿನ ತಳದಲ್ಲೇ ಇತ್ತು.

ನನ್ನದು ಅನ್ನಿಸಿದ ವಾಕ್ಯ ಸಿಕ್ಕಿದ್ದು ನಿನ್ನ ಅಜ್ಜಿ ತೀರಿಕೊಂಡ ವರ್ಷ. ನೀನಾಗ ಎರಡನೇ ಕ್ಲಾಸು. ಬಂದವರೆಲ್ಲ ಒಂದೊಂದು ವಚನ ಹೇಳಿ ಹೋದರು. ಎಲ್ಲ ಒಳ್ಳೆಯ ವಚನಗಳೇ, ಒಂದೂ ಒಳಗೆ ಇಳಿಯಲಿಲ್ಲ. ಪ್ರಾರ್ಥನೆ ಬರುತ್ತಿರಲಿಲ್ಲ. ದಿನಕ್ಕೆ ಮೂರು ಅಧ್ಯಾಯ ಓದುವ ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ. ಭಕ್ತಿ ಅಂತ ತಿಳಿಯಬೇಡ, ಹಲ್ಲುಜ್ಜಿದ ಹಾಗೆ. ಹಾಗೆ ಓದುತ್ತಾ ಒಂದು ದಿನ ಅಡುಗೆಮನೆಯಲ್ಲಿ 1 ಅರಸುಗಳು 19ಕ್ಕೆ ಬಂದೆ.

ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಗೆದ್ದ ಮನುಷ್ಯ. ರಾಣಿ ಈಜೆಬೆಲಳು ಬೆದರಿಸಿ ಹೇಳಿಕಳಿಸಿದ ಒಂದು ಮಾತಿಗೆ ಹೆದರಿ ಓಡುತ್ತಾನೆ. ಅಡವಿಯಲ್ಲಿ ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆ ಅನ್ನುತ್ತಾನೆ. ಹಾಗೇ ಮಲಗುತ್ತಾನೆ. ದೇವದೂತ ಬಂದು ತಟ್ಟಿ ಎಬ್ಬಿಸುತ್ತಾನೆ. ಏನು ಹೇಳುತ್ತಾನೆ ಗೊತ್ತಾ? ಎದ್ದು ಊಟಮಾಡು. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಬೈಯುವುದಿಲ್ಲ. ಎರಡನೇ ಸಲ ಬಂದು ಅದನ್ನೇ ಹೇಳುತ್ತಾನೆ, ದೂರ ಹೋಗಬೇಕಲ್ಲ, ಅದಕ್ಕೆ.

ನನಗೆ ನಗು ಬಂತು. ಅಜ್ಜಿ ಸತ್ತ ಮೇಲೆ ಮೊದಲ ಸಲ. ಯಾಕಂದರೆ ಅದು ಅಜ್ಜಿಯದೇ ಮಾತು. ನಾನು ಪರೀಕ್ಷೆಯಲ್ಲಿ ಫೇಲಾಗಿ ಮುಖ ಮುಚ್ಚಿಕೊಂಡು ಮಲಗಿದ್ದಾಗ ಅವಳು ಒಲೆಯಿಂದ ಕೆಂಡ ಹೊರಗೆಳೆದು ಜೋಳದ ರೊಟ್ಟಿಯನ್ನು ಅಂಚಿಗೆ ಆನಿಸಿ ನಿಲ್ಲಿಸಿದ್ದಳು. ಅದು ಉಬ್ಬುವ ತನಕ ಏನೂ ಮಾತಾಡಲಿಲ್ಲ. ಆಮೇಲೆ "ಏಳವ್ವಾ, ಉಣ್ಣು" ಅಂದಳು, ಅಷ್ಟೆ. ಅದೇ ಮಾತು ಬೈಬಲಿನಲ್ಲಿ ದೇವದೂತನ ಬಾಯಲ್ಲಿ ಇದೆ ಅಂತ ಅಷ್ಟು ವರ್ಷ ಓದಿಯೂ ನಾನು ಗಮನಿಸಿರಲಿಲ್ಲ. ನಕ್ಕು, ಆಮೇಲೆ ಅತ್ತೆ. ಕುಕ್ಕರ್ ಎಷ್ಟು ಸೀಟಿ ಹೊಡೆಯಿತೋ ಲೆಕ್ಕ ತಪ್ಪಿತು. ಅವತ್ತಿನ ಬೇಳೆ ಮುದ್ದೆಯಾಗಿತ್ತು.

ಇದನ್ನು ಕೂಟದಲ್ಲಿ ನನ್ನ ವಾಕ್ಯ ಅಂತ ಹೇಳಿದರೆ ಜನ ವಿಚಿತ್ರವಾಗಿ ನೋಡುತ್ತಾರೆ. ನಾನು ಹೇಳಿದ್ದೂ ಇಲ್ಲ.

ಕಣ್ಣು ಮುಚ್ಚಿ ಬೈಬಲ್ ತೆಗೆದು ಬೆರಳಿಡುವ ಅಭ್ಯಾಸ ನಿನ್ನ ಗೆಳತಿಯರಿಗೆ ಇದೆ ಅಂದೆ. ಬೇಡ ಅನ್ನುವುದಿಲ್ಲ. ಸಂತ ಅಗಸ್ಟೀನ್‌ಗೆ ಕ್ರಿ.ಶ. 386ರಲ್ಲಿ ಮಿಲಾನಿನ ತೋಟದಲ್ಲಿ "ತೆಗೆದು ಓದು" ಅನ್ನುವ ಮಗುವಿನ ದನಿ ಕೇಳಿಸಿತಂತೆ. ತೆಗೆದಾಗ ಬಂದದ್ದು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ, ಅವನ ಬದುಕೇ ತಿರುಗಿತು. ಆದರೆ ಅವನು ಆ ಪುಸ್ತಕವನ್ನು ಮೊದಲೇ ಓದುತ್ತಿದ್ದ. ಈ ಭಾಗವನ್ನು ಕಥೆ ಹೇಳುವವರು ಬಿಟ್ಟುಬಿಡುತ್ತಾರೆ.

ಅಜ್ಜಿಯ ಸತ್ಯವೇದ ಈಗಲೂ ನನ್ನ ಹತ್ತಿರ ಇದೆ, ರಟ್ಟು ಕಿತ್ತು ಬಂದಿದೆ. ಅವಳು ಗೆರೆ ಎಳೆಯುತ್ತಿರಲಿಲ್ಲ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಮಾತ್ರ ಹಾಕುತ್ತಿದ್ದಳು. 121ನೇ ಕೀರ್ತನೆಯ ಪಕ್ಕದಲ್ಲಿ ಐದು ತಾರೀಖುಗಳಿವೆ. ಅವೆಲ್ಲ ನನಗೆ ಗೊತ್ತು, ಮಕ್ಕಳು ಊರು ಬಿಟ್ಟು ಹೋದ ದಿನಗಳು, ಒಂದು ನನ್ನದೂ ಇದೆ. ಆದರೆ 56ನೇ ಕೀರ್ತನೆಯ ಎಂಟನೇ ವಚನದ ಪಕ್ಕದಲ್ಲಿ ಒಂದು ತಾರೀಖಿದೆ, 14-8-1971. ನನ್ನ ಕಣ್ಣೀರು ನಿನ್ನ ಬುದ್ದಲಿಯಲ್ಲಿ ತುಂಬಿದೆ ಅನ್ನುವ ವಚನ. ಬುದ್ದಲಿ ಅಂದರೆ ಚರ್ಮದ ಚೀಲ, ಹಿಂದೆ ಎಣ್ಣೆ ತುಂಬಿಡುತ್ತಿದ್ದರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ಇಡೀ ಬೈಬಲನ್ನು ಕನ್ನಡಕ್ಕೆ ತಂದದ್ದು 1831ರಲ್ಲಿ. ಆಮೇಲೆ ಎಷ್ಟೋ ಕೈಗಳು ತಿದ್ದಿವೆ. ಬುದ್ದಲಿ ಅನ್ನುವ ಮಾತನ್ನು ಯಾರೇ ಇಟ್ಟಿರಲಿ, ಅವರಿಗೊಂದು ನಮಸ್ಕಾರ. ಬಾಟಲಿ ಅಂತಿದ್ದಿದ್ದರೆ ನನಗೆ ಹೀಗೆ ತಾಕುತ್ತಿರಲಿಲ್ಲ.

ಆ ದಿನ ಏನಾಗಿತ್ತು ಅಂತ ನಿನ್ನ ದೊಡ್ಡಮ್ಮನಿಗೂ ಗೊತ್ತಿಲ್ಲ, ಸೋದರಮಾವನಿಗೂ ಗೊತ್ತಿಲ್ಲ. ಅಜ್ಜಿ ಇದ್ದಾಗ ಆ ಪುಟ ತೆಗೆದು ನೋಡಿದವರೇ ಇಲ್ಲ.

ನಿನ್ನ ವಾಕ್ಯ ಯಾವುದು ಅಂತ ನಾನು ಹೇಳಿಕೊಡಲಾರೆ. ಮುಂದಿನ ಸಲ ಕೇಳಿದರೆ ಇನ್ನೂ ಓದುತ್ತಿದ್ದೇನೆ ಅನ್ನು, ಅದರಲ್ಲಿ ನಾಚಿಕೆ ಏನು? ನಿನಗೆ ಬೇಜಾರಾದಾಗ ಓದಲು ಸಿಟ್ಟಿನ ಕೀರ್ತನೆಗಳೂ ಇವೆ. 13ನೆಯದು ಎಷ್ಟರವರೆಗೆ, ಎಷ್ಟರವರೆಗೆ ಅಂತ ನಾಲ್ಕು ಸಲ ಕೇಳುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ದೀಪ ಹಚ್ಚುವುದಿಲ್ಲ. ಅವನ್ನು ಯಾರೂ ಚೀಟಿಯಲ್ಲಿ ಬರೆಯುವುದಿಲ್ಲ, ಆದರೆ ಪುಸ್ತಕದಿಂದ ಯಾರೂ ತೆಗೆದೂ ಹಾಕಿಲ್ಲ.

ನಾಳೆ ರಾತ್ರಿಯ ಬಸ್ಸಿಗೆ ಪಾರ್ಸೆಲ್ ಹಾಕುತ್ತೇನೆ. ಕಟಕ ರೊಟ್ಟಿ ಇಪ್ಪತ್ತು, ಶೇಂಗಾ ಚಟ್ನಿ, ಜೊತೆಗೊಂದು ಪೆನ್ಸಿಲ್. ಡಬ್ಬಿ ವಾಪಸ್ ತಾ, ಹೋದ ಸಲದ್ದೂ ಬಂದಿಲ್ಲ. ಯೆರೆಮೀಯನನ್ನು 28ರಿಂದ ಶುರು ಮಾಡು. ಹನನ್ಯ ನೊಗ ಮುರಿದ ಮೇಲೆ ಯೆರೆಮೀಯ ಒಂದು ಮಾತೂ ಆಡದೆ ಅಲ್ಲಿಂದ ಎದ್ದು ಹೋಗುತ್ತಾನೆ. ಅವನು ಯಾಕೆ ಸುಮ್ಮನಾದ ಅಂತ ನಿನಗೆ ಅನ್ನಿಸುತ್ತದೆ, ಓದಿ ಫೋನ್ ಮಾಡು. ಈ ಸಲ ಹಾಲು ಇಳಿಸಿಯೇ ಎತ್ತುತ್ತೇನೆ.

ನಿನ್ನ
ಅವ್ವ