ಬಾನುಲಿಯಲ್ಲಿ ಹೊಸ ಸಂಗೀತಕ್ಕೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಮಿನಿಮಲಿಸ್ಟ್ (ಕೆಲವೇ ಸ್ವರಗಳನ್ನು ಮತ್ತೆ ಮತ್ತೆ ನುಡಿಸುತ್ತ ಬೆಳೆಸುವ) ಹಾಗೂ ಪ್ರಯೋಗಶೀಲ ಶಾಸ್ತ್ರೀಯ ಸಂಗೀತವನ್ನು ಪರಿಚಯಿಸುವ ಅರ್ಧ ಗಂಟೆಯ ವಾರದ ಕಾರ್ಯಕ್ರಮವೊಂದನ್ನು ನಮ್ಮ ಭಾಗದ ಬಾನುಲಿ ಕೇಂದ್ರಗಳು ಕನ್ನಡ ನಿರೂಪಣೆಯೊಂದಿಗೆ ಆರಂಭಿಸಬೇಕೆಂಬುದು ನನ್ನ ಕೋರಿಕೆ. ಕೊಪ್ಪಳದಂಥ ಊರಿನಲ್ಲಿ ಇದನ್ನು ಯಾರು ಕೇಳುತ್ತಾರೆ ಎಂದು ನಗುವವರಿದ್ದಾರೆ. ನನ್ನ ಮನೆಯಲ್ಲೇ ಇದ್ದಾರೆ. ಆದರೆ ಏಕತಾರಿಯ ಒಂದೇ ತಂತಿಯ ಶ್ರುತಿಗೆ ತತ್ವಪದದ ಪಲ್ಲವಿಯನ್ನು ರಾತ್ರಿಯಿಡೀ ತಿರುತಿರುಗಿ ಹಾಡುವ, ಪ್ರತಿ ಸಲವೂ ಅದರಲ್ಲಿ ಕೂದಲೆಳೆಯಷ್ಟು ಹೊಸತನ್ನು ಕೇಳಿಸಿಕೊಳ್ಳುವ ಭಜನಾ ಮೇಳಗಳ ಈ ಸೀಮೆಯವರಿಗೆ, ಅಲ್ಲಿನ ಸಂಯೋಜಕ ಟೆರ್ರಿ ರೈಲಿ 1964ರಲ್ಲಿ ರಚಿಸಿದ ‘ಇನ್ ಸಿ’ ತೀರಾ ಅಪರಿಚಿತವೆನಿಸಲಾರದು. ಅದರಲ್ಲಿರುವುದು 53 ಪುಟ್ಟ ಸ್ವರಗುಚ್ಛಗಳು ಮಾತ್ರ. ಪ್ರತಿಯೊಂದನ್ನೂ ಎಷ್ಟು ಸಲ ನುಡಿಸಬೇಕೆಂಬುದು ವಾದಕರ ಇಚ್ಛೆಗೆ ಬಿಟ್ಟದ್ದು. ಇದೇ ರೈಲಿ ಮುಂದೆ ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಅದು ನಮ್ಮ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರ ಘರಾಣೆಯೂ ಹೌದು. ಫಿಲಿಪ್ ಗ್ಲಾಸ್ ಅವರ 1980ರ ಗೀತನಾಟಕ ‘ಸತ್ಯಾಗ್ರಹ’ವನ್ನಂತೂ ಭಗವದ್ಗೀತೆಯ ಸಂಸ್ಕೃತದಲ್ಲೇ ಹಾಡುತ್ತಾರೆ.

ನಿರೂಪಕರಿಗೆ ತೊಡಕಾಗಬಹುದಾದವರು ಜಾನ್ ಕೇಜ್. ಅವರ 1952ರ ಕೃತಿಯೊಂದರಲ್ಲಿ ವಾದಕರು 4 ನಿಮಿಷ 33 ಸೆಕೆಂಡು ಏನನ್ನೂ ನುಡಿಸುವುದಿಲ್ಲ. 2004ರಲ್ಲಿ ಬಿಬಿಸಿ ರೇಡಿಯೊ 3 ಇದನ್ನು ಪ್ರಸಾರ ಮಾಡಿದಾಗ, ಸದ್ದು ನಿಂತೊಡನೆ ತಾನಾಗಿಯೇ ಚಾಲೂ ಆಗುವ ತುರ್ತು ವ್ಯವಸ್ಥೆಯನ್ನೇ ಬಂದ್ ಮಾಡಬೇಕಾಯಿತು. ನಮ್ಮಲ್ಲಾದರೆ ಕರೆಂಟು ಹೋಯಿತೆಂದು ಕೇಳುಗರು ಎದ್ದು ಹೋದಾರು. ಮೊದಲೇ ಒಂದು ಮಾತು ಹೇಳಿ ಪ್ರಸಾರ ಮಾಡುವುದು ಒಳಿತು.

– ಬಾನುಲಿ ಕೇಳುಗ, ಕೊಪ್ಪಳ