ಟುಲುಮ್ ಕಟ್ಟಿದವರು ಕಣ್ಮರೆಯಾಗಿಲ್ಲ

ಮಾನ್ಯ ಸಂಪಾದಕರೇ,

ಮೆಕ್ಸಿಕೊದ ಕೆರಿಬಿಯನ್ ಕಡಲತೀರದಲ್ಲಿ ಮಾಯಾ ಜನ ಕಟ್ಟಿದ ಹಳೆಯ ಪಟ್ಟಣ ಟುಲುಮ್ ಕುರಿತು ನಿಮ್ಮ ಪ್ರವಾಸ ಪುರವಣಿಯಲ್ಲಿ ಬಂದ ಸಚಿತ್ರ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ ಅದನ್ನು ‘ನಿಗೂಢವಾಗಿ ಕಣ್ಮರೆಯಾದ ಜನಾಂಗದ ನಗರ’ ಎಂದು ಬಣ್ಣಿಸಿದ್ದನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಗ್ವಾಟೆಮಾಲಾದ ತಿಕಾಲ್‌ನಂತಹ ಒಳನಾಡಿನ ಮಾಯಾ ಮಹಾನಗರಗಳು ಕುಸಿಯತೊಡಗಿದ್ದು 9ನೇ ಶತಮಾನದಲ್ಲಿ. ಟುಲುಮ್ ಏಳಿಗೆ ಕಂಡದ್ದು ಅದಾಗಿ ಶತಮಾನಗಳೇ ಕಳೆದ ಮೇಲೆ, 13ರಿಂದ 15ನೇ ಶತಮಾನದ ಅವಧಿಯಲ್ಲಿ. ಅಲ್ಲಿ ಸಿಕ್ಕ ಶಾಸನಸ್ತಂಭವೊಂದು ಕ್ರಿ.ಶ. 564ರದ್ದಾದರೂ ಅದನ್ನು ಬೇರೆಡೆಯಿಂದ ತಂದು ನಿಲ್ಲಿಸಿರಬೇಕೆಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಇದು ವ್ಯಾಪಾರದ ಊರು. ಸುಮಾರು 12 ಮೀಟರ್ ಎತ್ತರದ ಕಡಿದಾದ ದಂಡೆಯ ಮೇಲೆ, ಪೂರ್ವಕ್ಕೆ ಕಡಲನ್ನೂ ಉಳಿದ ಮೂರು ದಿಕ್ಕಿಗೆ ಐದು ಕಿರಿದಾದ ಬಾಗಿಲುಗಳ ದಪ್ಪ ಕಲ್ಲುಗೋಡೆಯನ್ನೂ ಕಾವಲಿಗಿಟ್ಟುಕೊಂಡು ಬೆಳೆದ ಈ ಪಟ್ಟಣಕ್ಕೆ ಗ್ವಾಟೆಮಾಲಾದ ಬೆಟ್ಟಸೀಮೆಯಿಂದ ಅಬ್ಸಿಡಿಯನ್ ಎಂಬ ಹರಿತವಾದ ಜ್ವಾಲಾಮುಖಿ ಗಾಜು ಬರುತ್ತಿತ್ತು. ಉಪ್ಪು, ಬಟ್ಟೆ, ತಾಮ್ರದ ವಸ್ತುಗಳೂ ಈ ಕರಾವಳಿಯಲ್ಲಿ ದೋಣಿಗಳ ಮೂಲಕ ಕೈಬದಲಾಗುತ್ತಿದ್ದವು. ಕೊಲಂಬಸ್ 1502ರಲ್ಲಿ ಹೊಂಡುರಾಸ್‌ನ ಹತ್ತಿರ ಎದುರುಗೊಂಡ, ಹತ್ತಿಬಟ್ಟೆ, ಕೋಕೋ ಬೀಜ, ತಾಮ್ರದ ಸರಕು ತುಂಬಿದ್ದ ದೊಡ್ಡ ದೋಣಿ ಇಂಥದೇ ಕಡಲ ವ್ಯಾಪಾರಕ್ಕೆ ಸೇರಿದ್ದು. ಅರಸರ ಶಾಸನಗಳಿಗಿಂತ ಈ ವ್ಯಾಪಾರದ ಕಥೆಯೇ ನನಗೆ ಹೆಚ್ಚು ಹಿಡಿಸುತ್ತದೆ. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲದ್ದು ಬೇಸರ ತಂದಿತು.

1518ರಲ್ಲಿ ಸ್ಪೇನಿನ ನಾವಿಕ ಗ್ರಿಹಾಲ್ವಾನ ಹಡಗುಗಳಲ್ಲಿ ಬಂದ ಪಾದ್ರಿ ಹುವಾನ್ ದಿಯಾಸ್, ಈ ತೀರದಲ್ಲಿ ಸ್ಪೇನಿನ ಸೆವಿಲ್ಲೆ ನಗರಕ್ಕೆ ಸರಿಗಟ್ಟುವಷ್ಟು ದೊಡ್ಡ ಊರೊಂದನ್ನು ಕಂಡೆವೆಂದು ಬರೆದಿದ್ದಾನೆ. ಅದು ಟುಲುಮ್ ಇರಬೇಕೆಂದು ಅನೇಕರು ಗುರುತಿಸುತ್ತಾರೆ. ಅದೇ ಶತಮಾನ ಮುಗಿಯುವ ಹೊತ್ತಿಗೆ ಪಟ್ಟಣ ಬರಿದಾಯಿತು. ಸ್ಪೇನಿನವರೊಂದಿಗೆ ಬಂದ ಸಿಡುಬಿನಂತಹ ರೋಗಗಳು ಊರೂರನ್ನೇ ಬಲಿ ತೆಗೆದುಕೊಂಡವು, ಆಕ್ರಮಣದಿಂದ ಹಳೆಯ ವ್ಯಾಪಾರ ಮುರಿದುಬಿತ್ತು. ಕಾರಣಗಳು ಇಷ್ಟು ಸ್ಪಷ್ಟವಾಗಿರುವಾಗ ಇದನ್ನು ನಿಗೂಢವೆನ್ನುವುದು ಆ ಸಾವುನೋವುಗಳನ್ನು ಮರೆಮಾಚಿದಂತೆಯೇ ಸರಿ.

ಊರು ಬರಿದಾದರೂ ಜನ ಉಳಿದರು. 1847ರಲ್ಲಿ, ಟುಲುಮ್ ಇರುವ ಪರ್ಯಾಯ ದ್ವೀಪವಾದ ಯುಕಟಾನ್‌ನ ಮಾಯಾ ರೈತರು ಭೂಮಾಲೀಕರ ಹಾಗೂ ಸರ್ಕಾರದ ವಿರುದ್ಧ ಬಂಡೆದ್ದರು. ದೇವರ ಮಾತನ್ನು ನುಡಿಯುತ್ತದೆನ್ನಲಾದ ‘ಮಾತನಾಡುವ ಶಿಲುಬೆ’ಯನ್ನು ನಂಬಿದ ಈ ಹೋರಾಟಗಾರರಿಗೆ ಟುಲುಮ್ ಮತ್ತೆ ಪವಿತ್ರ ಸ್ಥಳವಾಯಿತು, 1870ರ ದಶಕದಲ್ಲಿ ಮರಿಯಾ ಉಯಿಕಾಬ್ ಎಂಬ ಮಹಿಳೆ ಅಲ್ಲಿ ಧಾರ್ಮಿಕ ನಾಯಕಿಯಾಗಿದ್ದಳು. ಹೋರಾಟಗಾರರ ಮುಖ್ಯ ನೆಲೆಯಾದ ಚಾನ್ ಸಾಂತಾ ಕ್ರೂಸ್ ಮೆಕ್ಸಿಕೊ ಸೇನೆಯ ವಶವಾದದ್ದು 1901ರಲ್ಲಿ. ಅಮೆರಿಕದ ಪ್ರವಾಸಿ ಲೇಖಕ ಸ್ಟೀಫನ್ಸ್ ಮತ್ತು ಇಂಗ್ಲೆಂಡಿನ ಚಿತ್ರಕಾರ ಕ್ಯಾದರ್‌ವುಡ್ 1842ರಲ್ಲಿ ಟುಲುಮ್‌ಗೆ ಹೋಗಿ ಅದನ್ನು ಹೊರಜಗತ್ತಿಗೆ ಪರಿಚಯಿಸಿದ್ದನ್ನು ‘ಶೋಧ’ ಎನ್ನುವವರು ಈ ಅಧ್ಯಾಯವನ್ನು ಹಾರಿಸಿಬಿಡುತ್ತಾರೆ.

ಇಂದಿಗೂ ಯುಕಟಾನ್ ಪರ್ಯಾಯ ದ್ವೀಪದಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಮಾಯಾ ಭಾಷೆಯಾಡುತ್ತಾರೆ. 2023ರ ಡಿಸೆಂಬರ್‌ನಲ್ಲಿ ಟುಲುಮ್‌ಗೆ ವಿಮಾನ ನಿಲ್ದಾಣವೂ ಬಂದಿದ್ದು, ಪ್ರವಾಸಿಗರ ದಟ್ಟಣೆಯ ಪರಿಣಾಮವನ್ನು ನೆಲ, ನೀರು, ಬಾಡಿಗೆಗಳಲ್ಲಿ ಅನುಭವಿಸುವವರಲ್ಲಿ ಈ ಜನರೂ ಇದ್ದಾರೆ. ಪುರವಣಿಯ ಮುಂದಿನ ಸಂಚಿಕೆಯೊಂದರಲ್ಲಿ ಅವರ ಬದುಕಿನ ಬಗ್ಗೆಯೂ ಒಂದು ಲೇಖನವನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿಮ್ಮ ಓದುಗ