ಬಿಸಿ ಮಾಡದಿದ್ದರೆ ಸಾಕಾ, ಚೇತು?

ಪ್ರೀತಿಯ ಚೇತು,

ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಕೆಲಸ ಸಿಕ್ಕಿತು ಅಂತ ನಿನ್ನ ಅಮ್ಮ ಫೋನ್ ಮಾಡಿದ್ದಳು. ಸಂತೋಷ. ಆಮೇಲೆ ನಿನ್ನ ಮೆಸೇಜು ಓದಿದೆ. ಬಿಸಿ ಮಾಡದೆ, ಸಣ್ಣ ಜಾಲರಿಯನ್ನು ಅದುರಿಸಿ ಮಂಜು ಎಬ್ಬಿಸುವ ಇನ್‌ಹೇಲರ್, ನಿಕೋಟಿನ್ ಇಲ್ಲ, ಅದಕ್ಕೆ 'ಕೂಲ್' ಫ್ಲೇವರ್ ಮಾಡುವುದು ನಿನ್ನ ಕೆಲಸ. "ದೊಡ್ಡಮ್ಮ, ನೀವು ಪೀಣ್ಯದಲ್ಲಿ ಇದನ್ನೇ ಮಾಡಿದ್ದಲ್ವಾ, ಟಿಪ್ಸ್ ಕೊಡಿ" ಅಂತ ಕೇಳಿದ್ದೀಯ.

ಇದನ್ನೇ ಮಾಡಿಲ್ಲ ಕಣೋ. ನಾನು ಮಾಡಿದ್ದು ಚ್ಯೂಯಿಂಗ್ ಗಮ್ಮು, ಟೂತ್‌ಪೇಸ್ಟು, ಪೆಪ್ಪರ್‌ಮಿಂಟು. ಅವೆಲ್ಲ ಹೊಟ್ಟೆಗೆ ಹೋಗುತ್ತವೆ, ಇಲ್ಲ ಸಿಂಕಿಗೆ ಹೋಗುತ್ತವೆ. ನಿನ್ನದು ನೇರ ಎದೆಯೊಳಗೆ.

ಮೊದಲು ಟಿಪ್ಸ್, ಕೇಳಿದ್ದೀಯಲ್ಲ. ಪುದೀನಾದ ತಂಪು ಕೊಡುವ ಮೆಂಥಾಲ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು, ಲೀಟರಿಗೆ ಅರ್ಧ ಗ್ರಾಂ ಕರಗಿದರೆ ಹೆಚ್ಚು. ಹಾಗಾಗಿ ಅದನ್ನು ಕರಗಿಸಲು ಆಲ್ಕೋಹಾಲೋ ಪ್ರೊಪಿಲೀನ್ ಗ್ಲೈಕಾಲ್ ಅನ್ನೋ ದ್ರವವೋ ಸೇರಿಸಲೇಬೇಕಾಗುತ್ತದೆ. ಮಧ್ಯಾಹ್ನ ಬಾಟಲಿ ಕನ್ನಡಿ ಹಾಗೆ ತಿಳಿಯಾಗಿರುತ್ತದೆ, ಡಿಸೆಂಬರ್ ಬೆಳಿಗ್ಗೆ ಬಂದು ನೋಡಿದರೆ ತಳದಲ್ಲಿ ಸೂಜಿ ಸೂಜಿ ಹರಳು. ನಿಮ್ಮ ಜಾಲರಿಯ ತೂತುಗಳು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಲ್ವಾ, ಒಂದು ಹರಳು ಕೂತರೂ ಮಂಜು ನಿಂತಿತು. ಬಾಟಲಿಯನ್ನು ರಾತ್ರಿ ಫ್ರಿಜ್‌ನಲ್ಲಿಟ್ಟು ನೋಡದೆ ಯಾವ ಫಾರ್ಮುಲಾವನ್ನೂ ಒಪ್ಪಬೇಡ.

ಬಿಸಿ ಮಾಡುವ ವೇಪ್‌ನಲ್ಲಿ, ಅಂದರೆ ಇ-ಸಿಗರೇಟಿನಲ್ಲಿ, ಶಾಖವೇ ವಾಸನೆಯನ್ನು ಎಬ್ಬಿಸುತ್ತದೆ. ನಿನ್ನ ಹತ್ತಿರ ಆ ಶಾಖ ಇಲ್ಲ, ಪರಿಮಳ ಮಂಕಾಗುತ್ತದೆ. ಆಗ ಮ್ಯಾನೇಜರ್ "ಇನ್ನೂ ಸ್ವಲ್ಪ ಹಾಕು" ಅಂತಾನೆ. ಮೆಂಥಾಲ್ ಜಾಸ್ತಿಯಾದರೆ ತಂಪು ಹೆಚ್ಚುವುದಿಲ್ಲ, ಕಹಿ ಬಂದು ಉರಿಯುತ್ತದೆ. ಅದಕ್ಕೇ ಎಲ್ಲರೂ ಡಬ್ಲ್ಯೂಎಸ್-3, ಡಬ್ಲ್ಯೂಎಸ್-23 ಅನ್ನೋ ತಂಪಿನ ರಾಸಾಯನಿಕಗಳ ಕಡೆ ಓಡುತ್ತಾರೆ. ಪುದೀನಾ ವಾಸನೆ ಇಲ್ಲ, ತಂಪು ಮಾತ್ರ, ಮಾವಿನ ಹಣ್ಣಿನ ಜೊತೆಗೂ ಹೊಂದುತ್ತದೆ. ವಿಲ್ಕಿನ್ಸನ್ ಸ್ವೋರ್ಡ್ ಅನ್ನೋ ಬ್ಲೇಡ್ ಕಂಪನಿಯವರು 1970ರ ದಶಕದಲ್ಲಿ ಹುಡುಕಿದ್ದು, ಶೇವಿಂಗ್ ಆದ ಮೇಲೆ ಕೆನ್ನೆ ತಣ್ಣಗಿರಲಿ ಅಂತ. ಕೆನ್ನೆಗೆ, ನೆನಪಿರಲಿ.

ರುಚಿ ನೋಡುವುದಾದರೆ ಸಕ್ಕರೆ ನೀರಿನಲ್ಲಿ ಬೆರೆಸಿ ನಾಲಿಗೆ ಮೇಲೆ ನೋಡು. ಎರಡು ಸ್ಯಾಂಪಲ್ ಆದ ಮೇಲೆ ನಾಲಿಗೆ ಮರಗಟ್ಟುತ್ತದೆ, ಮೂರನೆಯದು ಸಪ್ಪೆ ಅನಿಸುತ್ತದೆ, ಉಗುರು ಬೆಚ್ಚಗಿನ ನೀರಲ್ಲಿ ಬಾಯಿ ಮುಕ್ಕಳಿಸಿ ಸ್ವಲ್ಪ ಹೊತ್ತು ಬಿಡು. ಆದರೆ ಟೇಬಲ್ ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ದಮ್ಮು ಎಳೆದು ಮಾರ್ಕ್ಸ್ ಕೊಡುವುದು ಇದೆಯಂತಲ್ಲ, ಅದಕ್ಕೆ ನೀನು ಕೂರಬೇಡ. ಪಕ್ಕದವನನ್ನೂ ಕೂರಿಸಬೇಡ.

ಯಾಕೆ ಗೊತ್ತಾ? ಮೆಂಥಾಲ್‌ನಿಂದ ಬಾಯಿ ನಿಜಕ್ಕೂ ತಣ್ಣಗಾಗುವುದಿಲ್ಲ. ನರದಲ್ಲಿ ಟಿಆರ್‌ಪಿಎಂ8 ಅಂತ ಒಂದು ಬಾಗಿಲಿದೆ, ಚಳಿ ತಗುಲಿದರೆ ತೆರೆಯುವಂಥದ್ದು. ಮೆಂಥಾಲ್ ಅದನ್ನು ಮೈ ಬೆಚ್ಚಗಿದ್ದಾಗಲೇ ತೆರೆಸಿಬಿಡುತ್ತದೆ. ಅದನ್ನು 2002ರಲ್ಲಿ ಗುರುತಿಸಿದವರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಇದ್ದರು, 2021ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದೇ ತಂಪು ಗಂಟಲಿನ ಉರಿಯನ್ನೂ ಕೆಮ್ಮನ್ನೂ ಅದುಮಿಡುತ್ತದೆ. ಕೆಮ್ಮಿನ ಗುಳಿಗೆಯಲ್ಲಿ ಅದು ಒಳ್ಳೆಯದು. ಒಳಗೆ ಹೋಗಬಾರದ್ದು ಹೋಗುತ್ತಿರುವಾಗಲೂ ಕೆಮ್ಮು ಬರದಿದ್ದರೆ? ಸಿಗರೇಟಿನವರು ಮೆಂಥಾಲ್ ಹಾಕಿದ್ದರಿಂದ ಹೊಸಬರಿಗೆ ಹೊಗೆ ಸಲೀಸಾಯಿತು. ಯುರೋಪಿಯನ್ ಒಕ್ಕೂಟ 2020ರ ಮೇನಲ್ಲಿ ಮೆಂಥಾಲ್ ಸಿಗರೇಟು ನಿಲ್ಲಿಸಿದ್ದು ಸುಮ್ನೆ ಅಲ್ಲ.

"ಎಲ್ಲಾ ಫುಡ್ ಗ್ರೇಡ್ ದೊಡ್ಡಮ್ಮ" ಅಂತ ಬರೆದಿದ್ದೀಯ. ಆ ಫುಡ್ ಗ್ರೇಡ್ ಪಟ್ಟಿಗಳು ತಿನ್ನುವುದಕ್ಕೆ ಮಾತ್ರ. ತಿಂದದ್ದನ್ನು ಯಕೃತ್ತು ಸೋಸುತ್ತದೆ, ಉಸಿರಿಗೆ ಹೋದದ್ದಕ್ಕೆ ಆ ಕಾವಲಿಲ್ಲ. ಡಯಾಸಿಟೈಲ್ ಗೊತ್ತಲ್ಲ, ಬೆಣ್ಣೆ ಫ್ಲೇವರ್‌ದು, ಬೆಣ್ಣೆಯಲ್ಲೇ ಇರುತ್ತದೆ. 2000ದಲ್ಲಿ ಅಮೆರಿಕದ ಮಿಸೌರಿಯಲ್ಲಿ ಒಂದು ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರ ಶ್ವಾಸನಾಳಗಳು ಗಾಯವಾಗಿ ಮುಚ್ಚಿಕೊಂಡದ್ದು ಬೆಳಕಿಗೆ ಬಂತು. ಡಯಾಸಿಟೈಲ್ ಆವಿಯನ್ನು ಉಸಿರಿಗೆ ಎಳೆದದ್ದೇ ಕಾರಣ. ತಿಂದದ್ದರಿಂದ ಅಲ್ಲ. ಎಣ್ಣೆಯಂಥ ಫ್ಲೇವರೂ ಬೇಡ, ಎಣ್ಣೆ ಶ್ವಾಸಕೋಶದಲ್ಲಿ ಕೂತರೆ ಅದೂ ಒಂಥರಾ ನ್ಯುಮೋನಿಯಾ. ಐದು ಮೈಕ್ರಾನ್‌ಗಿಂತ ಚಿಕ್ಕ ಹನಿ ಆಳಕ್ಕೆ ಇಳಿಯುತ್ತದೆ, ದೊಡ್ಡದು ಬಹುಪಾಲು ಬಾಯಿ, ಗಂಟಲಲ್ಲೇ ಉಳಿಯುತ್ತದೆ. ನಿಮಗೆ ಬೇಕಾಗಿರುವುದು ಬರೀ ತಂಪಾದರೆ ಹನಿ ದೊಡ್ಡದಾಗಿರಲಿ ಅಂತ ಡಿಸೈನ್‌ನವರ ಜೊತೆ ಜಗಳ ಆಡು. ಫ್ಲೇವರ್ ತಿದ್ದುವುದಕ್ಕಿಂತ ಆ ಜಗಳ ಮುಖ್ಯ.

ಇನ್ನು ಕಾನೂನು. 2019ರ ಇ-ಸಿಗರೇಟ್ ನಿಷೇಧ ಕಾಯ್ದೆಯಲ್ಲಿ ನಿಕೋಟಿನ್ ಇಲ್ಲ ಅನ್ನುವುದು ನೆಪ ಆಗುವುದಿಲ್ಲ. ವ್ಯಾಖ್ಯೆಯಲ್ಲಿ ಬಿಸಿ ಮಾಡುವ ಸಾಧನ ಅಂತಿದೆ ನಿಜ, ಕೊನೆಗೆ 'ಅಂಥ ಇತರ ಸಾಧನಗಳು' ಅಂತಲೂ ಸೇರಿಸಿದ್ದಾರೆ. ಮೊದಲ ಸಲ ಸಿಕ್ಕಿಬಿದ್ದರೇ ಒಂದು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. "ನಾವು ಬಿಸಿ ಮಾಡಲ್ಲ" ಅಂತ ನಿಮ್ಮ ಫೌಂಡರ್ ನಗುತ್ತಾ ಹೇಳಿದರೆ ಸಾಲದು, ವಕೀಲರ ಅಭಿಪ್ರಾಯ ಬರಹದಲ್ಲಿ ಕೇಳು. ಕೊಡದಿದ್ದರೆ, ಅಥವಾ ಕಾಲೇಜು ಹುಡುಗರಿಗೆ 'ಮ್ಯಾಂಗೋ ಐಸ್' ಮಾರುವ ಪ್ಲಾನ್ ಇದ್ದರೆ, ಬಿಟ್ಟು ಬಾ. ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ.

ಶನಿವಾರ ಮನೆಗೆ ಬಾ. ಸ್ಯಾಂಪಲ್ ತರಬೇಡ, ಫಾರ್ಮುಲಾದಲ್ಲಿರುವ ಒಂದೊಂದು ಪದಾರ್ಥದ ಸುರಕ್ಷತಾ ಹಾಳೆ ತಾ. ಉಸಿರಿನ ಪರೀಕ್ಷೆ ಅನ್ನೋ ಕಡೆ 'ಮಾಹಿತಿ ಇಲ್ಲ' ಅಂತ ಎಷ್ಟರಲ್ಲಿದೆ, ಕೂತು ಗುರುತು ಹಾಕೋಣ.

ನಿನ್ನ ದೊಡ್ಡಮ್ಮ